ಟಾರ್ಚಿಗೆ ಮಿಂಚಿದ ಪಟ್ಟಿ

ಹಳೆಯ ಸೈನಿಕ ಪದಕಗಳನ್ನು ಕೂಡಿಡುವ ಚಟ ನನಗೆ. ಯುದ್ಧಕಾಲದ್ದು ಯಾವುದು, ಆಮೇಲೆ ತಯಾರಾದದ್ದು ಯಾವುದು ಅಂತ ತಿಳಿಯಲು ಕಿಸೆಯಲ್ಲೊಂದು ನೇರಳೆ ಬೆಳಕಿನ ಟಾರ್ಚ್ ಇರುತ್ತದೆ. ಪದಕದ ಬಟ್ಟೆಪಟ್ಟಿ ಹಳೆಯದಾದರೆ ಆ ಬೆಳಕಿಗೆ ಮಂಕಾಗಿಯೇ ಇರುತ್ತದೆ, ಹೊಸ ದಾರವಾದರೆ ಮಿಂಚುತ್ತದೆ.

ತಿಕೋಟಾದಲ್ಲಿ ಹುಸೇನಬಿ ಎಂಬ ಹಿರಿಯರು, ತಮ್ಮ ಮಾವನಿಗೆ ಎರಡನೇ ಮಹಾಯುದ್ಧದಲ್ಲಿ ಸಿಕ್ಕ ಪದಕ ತೋರಿಸಿದರು. ಕತ್ತಲಾಗಲೆಂದು ಬಾಗಿಲು ಮುಂದೆ ಮಾಡಿ ಟಾರ್ಚ್ ಹಿಡಿದೆ. ಪಟ್ಟಿ ಬೆಳ್ಳಗೆ ಮಿಂಚಿತು.

“ಅಮ್ಮಾರ, ಇದು ಯುದ್ಧದ ಕಾಲದ್ದಲ್ರಿ. ಆಮ್ಯಾಲೆ ಮಾಡಿದ್ದು,” ಅಂದೆ.

“ಮಾವನ ಕಾಲಮ್ಯಾಗ ಗುಂಡು ಹೊಕ್ಕ ಕಲೆ ಇತ್ತಲ್ಲೋ ಯಪ್ಪಾ, ಅದೂ ಆಮ್ಯಾಲೆ ಮಾಡಿಸಿದ್ದೇನು?”

ಟಾರ್ಚ್ ಆರಿಸುವಾಗ ಬೆಳಕು ಅವರ ಬಿಳಿ ಸೆರಗಿನ ಮೇಲೆ ಬಿತ್ತು. ಅದೂ ಹಾಗೇ ಮಿಂಚಿತು.

“ಈ ಪಟ್ಟಿ ಒಗೀತೀರೇನ್ರಿ?”

“ಒಗೀದ ಹಂಗ ಇಡ್ತಾರೇನು? ಆಗಸ್ಟ್ ಹದಿನೈದು ಬಂತಂದ್ರ ಬಟ್ಟಿ ಜೋಡಿ ಪುಡ್ಯಾಗ ನೆನಿ ಹಾಕ್ತೀನಿ.”

ಮಿಂಚಿದ್ದು ದಾರವಲ್ಲ, ಸಾಬೂನಿನ ಪುಡಿ. ಪದಕದ ಅಂಚು ತಿರುಗಿಸಿ ನೋಡಿದೆ. ಮಾವನ ಹೆಸರು, ನಂಬರು ಹಳೆಯ ಪದ್ಧತಿಯಲ್ಲೇ ಒತ್ತಿದ್ದವು. ತಪ್ಪಾಯಿತು ಅಂದೆ. “ಚಾ ಕುಡದ ಹೋಗು,” ಅಂದರು. ಪದಕವನ್ನು ಮಾತ್ರ ಮೊದಲು ಒಳಗಿಟ್ಟು ಬಂದರು.

ಈಗ ಯಾರ ಮನೆಗೆ ಹೋದರೂ, ಬಟ್ಟೆ ಯಾವ ಪುಡಿಯಲ್ಲಿ ಒಗೆಯುತ್ತೀರಿ ಅಂತ ಮೊದಲೇ ಕೇಳುತ್ತೇನೆ. ಮೊನ್ನೆ ಬಬಲೇಶ್ವರದಲ್ಲಿ ಹಾಗೆ ಕೇಳಿದ್ದಕ್ಕೆ, “ನಮಗ ಯಾವ ಪುಡೀನೂ ಬ್ಯಾಡ್ರಿ, ಮುಂದ ಹೋಗ್ರಿ,” ಅಂತ ಕದ ಹಾಕಿಕೊಂಡರು.