ಫ್ರಿಜ್ಜಿಗೆ ಕಟ್ಟಿದ ಒದ್ದೆ ಗೋಣಿ

ಗೆಳೆಯರೇ, ಹದಿನೈದು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿರುವವನಿಗೆ ಯಾರೂ ತಂಪಿನ ಪಾಠ ಹೇಳಬೇಡಿ ಎಂದು ಇವತ್ತು ಮಧ್ಯಾಹ್ನದವರೆಗೂ ಹೇಳುತ್ತಿದ್ದೆ.

ಅಮ್ಮನನ್ನು ಕೂರಿಸಿಕೊಂಡು ಬಾಡಿಗೆಯ ಕ್ಯಾಂಪರ್ ವ್ಯಾನಿನಲ್ಲಿ ಜಂಗಮಕೋಟೆಯಿಂದ ಹೊರಟಿದ್ದೆ. ಹಾಸಿಗೆ, ಒಲೆ, ಪುಟ್ಟ ಫ್ರಿಜ್ ಎಲ್ಲವೂ ಇರುವ ಗಾಡಿ. ಪೆರೇಸಂದ್ರದ ಹತ್ತಿರ ಊಟಕ್ಕೆ ನಿಲ್ಲಿಸಿದಾಗ ಫ್ರಿಜ್ಜಿನ ತಂಪು ಇಳಿದಿತ್ತು.

"ನನ್ ಇನ್ಸುಲಿನ್ ಅದ್ರಲ್ಲೇ ಇದೆ ಕಣೋ," ಎಂದಳು ಅಮ್ಮ.

"ಹುಳು ಮನೇನೇ ತಣ್ಣಗಿಡೋನು ನಾನು. ಇದ್ಯಾವ ಮಹಾ!"

ಸೀಟಿನಡಿ ಇದ್ದ ಗೋಣಿಚೀಲ ನೆನೆಸಿದೆ. ಫ್ರಿಜ್ಜಿನ ಹಿಂಭಾಗಕ್ಕೆ ಸರಿಯಾಗಿ ವ್ಯಾನಿನ ಹೊರಗೆ ಒಂದು ಜಾಲರಿ ಇದೆ. ಅದಕ್ಕೆ ಬಿಗಿಯಾಗಿ ಕಟ್ಟಿದೆ. ಊಟ ಮುಗಿಸಿ ನೋಡಿದರೆ ಫ್ರಿಜ್ ಇನ್ನಷ್ಟು ಬೆಚ್ಚಗಾಗಿತ್ತು.

ಅಮ್ಮ ಇಳಿದು ಬಂದು ಗೋಣಿಯ ಮೇಲೆ ಕೈಯಿಟ್ಟಳು. ಅದು ಹಬೆಯಾಡುತ್ತಿತ್ತು.

"ಹುಳು ಮನೇಲಿ ಗಾಳಿ ಒಳಗೆ ಬರೋ ಕಿಟಕಿಗೆ ಗೋಣಿ ಕಟ್ತೀಯ, ಸರಿ. ಬಿಸಿ ಹೊರಗೆ ಹೋಗೋ ಮೇಲಿನ ಕಿಂಡೀನ ಯಾವತ್ತಾದ್ರೂ ಮುಚ್ಚಿದ್ದೀಯೇನಪ್ಪ?"

ನಾನು ಗೋಣಿ ಬಿಚ್ಚಿದೆ. ಜಾಲರಿಯ ಕಡೆಗೆ ಬಿಸಿಲು ಬೀಳದಂತೆ ವ್ಯಾನನ್ನು ಹುಣಸೆ ಮರದ ನೆರಳಿಗೆ ತಿರುಗಿಸಿ ನಿಲ್ಲಿಸಿದೆ. ಸಂಜೆಯ ಹೊತ್ತಿಗೆ ಒಳಗಿನ ನೀರಿನ ಬಾಟಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು.

"ಹಂಗಾದ್ರೆ ಈ ಗೋಣಿ ಏನ್ ಮಾಡ್ಲಮ್ಮ?"

"ನಿನ್ ತಲೆ ಮೇಲೆ ಹಾಕ್ಕೊ. ಅಲ್ಲೇ ಕಾವು ಜಾಸ್ತಿ ಇರೋದು."

ಮತ್ತೆ ನೆನೆಸಿ, ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಚೆನ್ನಾಗಿ ತಂಪಾಗಿದೆ. ಅಂದರೆ ಗೋಣಿಯ ವಿಷಯದಲ್ಲಿ ನಾನು ಹೇಳಿದ್ದು ಸರಿಯಾಗಿಯೇ ಇತ್ತು, ಕಟ್ಟಿದ ಜಾಗ ಮಾತ್ರ ತಪ್ಪಿತ್ತು.