ಸ್ವಿಚ್ಚಿಗೆ ಟೇಪು

ಬೆಳಿಗ್ಗೆ ಕತ್ತರಿ ಹುಡುಕುತ್ತಿದ್ದವಳಿಗೆ ಡ್ರಾಯರಿನಲ್ಲಿ ಟೇಪಿನ ಸುರುಳಿ ಸಿಕ್ಕಿತು. ಕತ್ತರಿ ಮರೆತೇ ಹೋಯಿತು. ಒಬ್ಬಳೇ ನಗುತ್ತ ನಿಂತ ನನ್ನನ್ನು ನೋಡಿ ಮೊಮ್ಮಗಳು, "ಅಜ್ಜಿ, ಆರ್ ಯು ಓಕೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ದಿಂಬುಗಳನ್ನು ಹೊತ್ತುಕೊಂಡು ಪಕ್ಕದ ಖಾಲಿ ಮನೆಗೆ ಓಡಿದಳು. ಅವಳಿಗೆ ಪುರುಸೊತ್ತಿಲ್ಲ. ನೀವಾದರೂ ಕೇಳಿ.

ಯಾರೂ ಇಲ್ಲದ ಕೋಣೆಯಲ್ಲಿ ಲೈಟು ಉರಿಯುವುದನ್ನು ಕಂಡರೆ ನನ್ನ ಬಲಗೈ ನನ್ನ ಮಾತು ಕೇಳುವುದಿಲ್ಲ. ತಾನೇ ಹೋಗಿ ಆರಿಸಿಬಿಡುತ್ತದೆ. ಮೈಸೂರಿನಲ್ಲಿ ನಮ್ಮಪ್ಪ ಕೊಟ್ಟ ಶಿಕ್ಷಣ ಅದು. ಎಪ್ಪತ್ತರ ದಶಕದಲ್ಲಿ ಮದುವೆಯಾಗಿ ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡಿಗೆ ಬಂದಾಗ ಎರಡು ಸೂಟ್‌ಕೇಸುಗಳ ಜೊತೆ ಆ ಕೈಯೂ ಬಂತು.

ನಮ್ಮ ಕೆಳಗಿನ ಮನೆಯಲ್ಲಿ ಮಿರಿಯಂ ಆಂಟಿ ಇದ್ದರು. ಯಹೂದಿ ಹೆಂಗಸು, ಕುಳ್ಳಿ, ಕಾಲಿಗೆ ಚಕ್ರ ಕಟ್ಟಿಕೊಂಡವರು. ಸೋವಿಯತ್ ದೇಶ ಬಿಟ್ಟು ಬರುವ ಯಹೂದಿ ಕುಟುಂಬಗಳಿಗೆ ಮನೆ ಹೂಡಿಕೊಡುವುದು ಅವರು ತಾವಾಗಿ ಹೊತ್ತುಕೊಂಡ ಕೆಲಸ. ಹಾಸಿಗೆ ಒಬ್ಬರ ಮನೆಯದು, ಬಾಣಲೆ ಇನ್ನೊಬ್ಬರ ಮನೆಯದು, ಹೊರುವವಳು ನಾನು. ಊರಲ್ಲಿ ನೀರಿನ ಕೊಡ ಎತ್ತದವಳು ಇಲ್ಲಿ ಕುಣಿಯುತ್ತ ಸೋಫಾ ಎತ್ತುತ್ತಿದ್ದೆ. ಅವರನ್ನು ಬಿಟ್ಟರೆ ನನಗೆ ಮಾತಿಗೆ ಯಾರಿದ್ದರು?

ಆ ಚಳಿಗಾಲದ ಒಂದು ಶುಕ್ರವಾರ ನಮ್ಮ ಕಟ್ಟಡದ ಎರಡನೇ ಮಹಡಿಯ ಮನೆಗೆ ಒಬ್ಬ ಮುದುಕಿ ಮತ್ತು ಅವಳ ಮಗಳು ಬರಬೇಕಿತ್ತು. ವಿಮಾನ ತಡವಾಯಿತು. ಶುಕ್ರವಾರ ಸೂರ್ಯ ಮುಳುಗಿದರೆ ಮಿರಿಯಂ ಆಂಟಿಗೆ ಸಬ್ಬತ್, ಯಹೂದಿಗಳು ಯಾವ ಕೆಲಸವನ್ನೂ ಮಾಡದ ವಾರದ ಪವಿತ್ರ ದಿನ. ಮರುದಿನ ಕತ್ತಲಾಗುವವರೆಗೆ ಕಾರು ಓಡಿಸುವಂತಿಲ್ಲ, ಲೈಟಿನ ಸ್ವಿಚ್ಚನ್ನೂ ಮುಟ್ಟುವಂತಿಲ್ಲ. ಹಾಗಾಗಿ ನಮ್ಮ ಯಜಮಾನರು ಏರ್‌ಪೋರ್ಟಿಗೆ ಹೋದರು.

"ನಮ್ಮಮ್ಮ ಈ ದೇಶಕ್ಕೆ ಬಂದಿಳಿದ ದಿನ ಮನೆಯೆಲ್ಲ ಕತ್ತಲಂತೆ. ಸಾಯೋವರೆಗೂ ಅದನ್ನೇ ಹೇಳ್ತಿದ್ದಳು. ನಾನು ಹೂಡೋ ಮನೆಗೆ ಯಾರೂ ಕತ್ತಲಲ್ಲಿ ಬರಬಾರದು" ಎಂದಿದ್ದರು ಆಂಟಿ. ಅದಕ್ಕೇ ಸೂರ್ಯ ಮುಳುಗುವ ಮೊದಲೇ ಆ ಮನೆಯ ಅಷ್ಟೂ ಲೈಟು ಹಾಕಿಟ್ಟು, ತಮ್ಮ ಮನೆಯಲ್ಲಿ ಸಬ್ಬತ್ತಿನ ಮೇಣದಬತ್ತಿ ಹಚ್ಚಲು ಇಳಿದು ಹೋದರು.

ಆಮೇಲೆ ಮೇಜಿನ ಬಟ್ಟೆ ಹಿಡಿದು ನಾನು ಮೇಲೆ ಹೋದೆ. ನರಪಿಳ್ಳೆಯಿಲ್ಲದ ಮನೆ, ಮದುವೆ ಛತ್ರದಂತೆ ಝಗಝಗ! ನನ್ನ ಬಲಗೈಗೆ ಆಂಟಿಯ ಮಾತು ಎಲ್ಲಿ ನೆನಪು? ಟಕ್, ಟಕ್, ಟಕ್. ಎಲ್ಲ ಆರಿಸಿ, ಅಪ್ಪ ನೋಡಿದ್ದರೆ ಎಷ್ಟು ಮೆಚ್ಚುತ್ತಿದ್ದರೋ ಎಂದು ಬೀಗುತ್ತಿರುವಾಗ ಆಂಟಿ ಬಂದರು. ಸೂರ್ಯ ಮುಳುಗಿಯಾಗಿತ್ತು.

"ಇಲ್ಲಿ ಸ್ವಲ್ಪ ಕತ್ತಲೆ ಅಲ್ವಾ?" ಎಂದರು.

"ಹೌದು ಆಂಟಿ, ಚಳಿಗಾಲ ನೋಡಿ."

"ನಿನ್ನ ಮುಖಾನೇ ಕಾಣಿಸ್ತಿಲ್ಲ."

"ಪರವಾಗಿಲ್ಲ, ದಿನಾ ನೋಡ್ತೀರಲ್ಲ."

ಆಂಟಿ ಕುರ್ಚಿಯಲ್ಲಿ ಕುಸಿದು ಕೂತರು. "ಬರೋರು ಕೆಳಗಿಂದ ಕಿಟಕಿ ನೋಡ್ತಾರೆ" ಎಂದರು.

ಆಗ ನನಗೆ ಊರಿನ ನಮ್ಮಜ್ಜಿ ನೆನಪಾದರು. ಮಡಿಯುಟ್ಟ ಅಜ್ಜಿ ಒಣಹಾಕಿದ ಬಟ್ಟೆ ಮುಟ್ಟುವಂತಿಲ್ಲ. ನಮ್ಮನ್ನು ಕರೆಯುತ್ತಲೂ ಇರಲಿಲ್ಲ. "ಮಳೆ ಬರೋ ಹಾಗಿದೆಯಲ್ಲಾ" ಎಂದು ಗೋಡೆಗೆ ಹೇಳುತ್ತಿದ್ದರು, ಬಟ್ಟೆ ತರಲು ನಾವು ಓಡುತ್ತಿದ್ದೆವು. ಅಯ್ಯೋ ರಾಮ! ಸಬ್ಬತ್ತಿನಲ್ಲಿ ತಮಗಾಗಿ ಲೈಟು ಹಾಕು ಎಂದು ಆಂಟಿ ಬೇರೆಯವರಿಗೆ ಬಾಯಿಬಿಟ್ಟು ಹೇಳುವಂತೆಯೂ ಇಲ್ಲ, ಇಷ್ಟು ಹೊತ್ತೂ ನಾನೇ ಆ ಗೋಡೆಯಾಗಿದ್ದೆ.

"ನನಗೆ ಕತ್ತಲೆ ಅಂದ್ರೆ ಭಯ ಆಂಟಿ! ನನಗೋಸ್ಕರ ನಾನೇ ಲೈಟ್ ಹಾಕ್ಕೋತೀನಿ!" ಎಂದು ಕೂಗುತ್ತ ಕೋಣೆಯಿಂದ ಕೋಣೆಗೆ ಓಡಿದೆ. ಕೊನೆಯ ಸ್ವಿಚ್ ಒತ್ತಿ ಕಿಟಕಿಯಲ್ಲಿ ಇಣುಕಿದರೆ, ಕೆಳಗೆ ನಮ್ಮ ಕಾರು ನಿಂತಿದೆ. ಮುದುಕಿ ಇಳಿದು, ಎರಡೂ ಕೆನ್ನೆಗೆ ಕೈಯಿಟ್ಟು ಮೇಲೆ ನೋಡುತ್ತಿದ್ದಾಳೆ.

ಮೇಲೆ ಬಂದ ಮೇಲೆ ಮಗಳು ಹರಕು ಮುರುಕು ಇಂಗ್ಲಿಷಿನಲ್ಲಿ ಹೇಳಿದಳು: "ಅಮ್ಮ ಹೇಳ್ತಿದ್ದಾಳೆ, ನಮ್ಮನ್ನ ಕಂಡ ಕೂಡಲೇ ಒಂದೊಂದೇ ಕಿಟಕಿಗೆ ದೀಪ ಹಾಕಿದಿರಂತೆ."

ಆಂಟಿ ನನ್ನನ್ನು ನೋಡಿದರು. ನಾನು ಕಾರ್ಪೆಟ್ ನೋಡಿದೆ. "ಇವಳೇ ಹಾಕಿದ್ದು" ಎಂದು ನನ್ನನ್ನು ಮುಂದೆ ತಳ್ಳಿದರು. ಮುದುಕಿ ನನ್ನನ್ನು ತಬ್ಬಿ ಅತ್ತಳು, ನಾನೂ ಅತ್ತೆ. ಆಂಟಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಮುಂದಿನ ಶುಕ್ರವಾರದಿಂದ ಅವರು ಸ್ವಿಚ್ಚುಗಳಿಗೆಲ್ಲ ಟೇಪು ಹಚ್ಚತೊಡಗಿದರು. ಒಂದು ತುಂಡು ನನ್ನ ಬಲಗೈಗೂ.

ಈಗ ನಾವಿರುವ, ಡೆಟ್ರಾಯಿಟ್ ಹತ್ತಿರದ ಟ್ರಾಯ್‌ ಊರಿನಲ್ಲಿ, ಪಕ್ಕದ ಮನೆಗೆ ಇವತ್ತು ಸಂಜೆ ಯುದ್ಧದಿಂದ ತಪ್ಪಿಸಿಕೊಂಡ ಒಂದು ಕುಟುಂಬ ಬರುತ್ತಿದೆ. ಮನೆ ಹೂಡಿರುವವರು ನನ್ನ ಮೊಮ್ಮಗಳು ಮತ್ತು ಅವಳ ಗೆಳತಿಯರು. ಎಲ್ಲರೂ ಏರ್‌ಪೋರ್ಟಿಗೆ ಹೋಗಿದ್ದಾರೆ. ಕಾವಲಿಗೆ ನಾನು, ಅದೂ ಅಷ್ಟೂ ಲೈಟು ಉರಿಯುವ ಮನೆಯಲ್ಲಿ! ಸ್ವಿಚ್ಚುಗಳಿಗೆಲ್ಲ ಟೇಪು ಹಚ್ಚಿ, ಉಳಿದ ತುಂಡನ್ನು ಬಲಗೈಗೆ ಸುತ್ತಿಕೊಂಡು, ಕಿಟಕಿಯ ಪಕ್ಕ ಕೂತಿದ್ದೇನೆ.