ಪಾಯಿಂಟ್ ಸೊನ್ನೆ ಮೇಷ್ಟ್ರು

ವಯಸ್ಸೆಷ್ಟು ಎಂದು ಯಾರಾದರೂ ಕೇಳಿದರೆ ಮೇಷ್ಟ್ರು ಬರೀ ಐವತ್ತೊಂದು ಎಂದು ಹೇಳಿದವರೇ ಅಲ್ಲ. "ಐವತ್ತೊಂದು ಪಾಯಿಂಟ್ ಸೊನ್ನೆ." ಹತ್ತುವ ಬಸ್ಸು ಹನ್ನೆರಡು ಪಾಯಿಂಟ್ ಸೊನ್ನೆ, ತೊಡುವ ಚಪ್ಪಲಿ ಎಂಟು ಪಾಯಿಂಟ್ ಸೊನ್ನೆ. ಬೀದಿಯವರು ಅವರಿಗೆ 'ಪಾಯಿಂಟ್ ಸೊನ್ನೆ ಮೇಷ್ಟ್ರು' ಎಂದು ಹೆಸರಿಟ್ಟು, ನಾಲಿಗೆಗೆ ಭಾರವಾಯಿತೆಂದು 'ಪಾಯಿಂಟು' ಎಂದು ಮೊಟಕು ಮಾಡಿದ್ದರು. ಪಾಪ, ಮೊಟಕು ಮಾಡುವುದೊಂದನ್ನೇ ಮೇಷ್ಟ್ರಿಗೆ ಸಹಿಸಲಾಗುತ್ತಿರಲಿಲ್ಲ. ಒಬ್ಬೊಬ್ಬರಿಗೆ ಶನಿದೆಶೆ ಹಿಡಿಯುತ್ತದೆ, ಇವರಿಗೆ ದಶಾಂಶದ ದೆಶೆ ಹಿಡಿದಿದೆ ಎಂದು ಜನ ನಗುತ್ತಿದ್ದರು.

ಅವರ ಕಂಪ್ಯೂಟರ್ ತರಗತಿ ಇದ್ದದ್ದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಹಿಂದೆ ಅಲ್ಲಿ ಹಲ್ಲಿನ ಡಾಕ್ಟರೊಬ್ಬರಿದ್ದರು. ಅವರು ಕುರ್ಚಿ, ಇಕ್ಕಳ ಎಲ್ಲ ಹೊತ್ತುಕೊಂಡು ಹೋದರೂ ಮೂಲೆಯ ಬೇಸಿನ್ ಗೋಡೆ ಬಿಟ್ಟು ಬರಲಿಲ್ಲ. ಅದರ ನಲ್ಲಿ ತೊಟ್ಟಿಕ್ಕುತ್ತಿತ್ತು. ನಲ್ಲಿ ರಿಪೇರಿಯವನು ಮೂರು ಸಲ ವಾಷರ್ ಬದಲಿಸಿದ. ಮೂರು ಸಲವೂ ನಲ್ಲಿ ಎರಡು ದಿನ ಮೌನವ್ರತ ಮಾಡಿ ಮತ್ತೆ ಬಾಯಿ ಬಿಟ್ಟಿತು. ಪಾಠ ಮಾಡುತ್ತಾ ಮಾಡುತ್ತಾ ಮೇಷ್ಟ್ರು ಒಮ್ಮೊಮ್ಮೆ ತಟ್ಟನೆ ನಿಲ್ಲಿಸಿ ಆ ಕಡೆ ಕಿವಿಗೊಡುತ್ತಿದ್ದರು. ತುಟಿ ಅಲುಗುತ್ತಿತ್ತು. ಇಪ್ಪತ್ತು ಹನಿ ಬೀಳುವವರೆಗೆ ಎಣಿಸಿ, ಏನೂ ಆಗದವರಂತೆ ಮತ್ತೆ ಬೋರ್ಡಿನ ಕಡೆ ತಿರುಗುತ್ತಿದ್ದರು.

ಮಧ್ಯಾಹ್ನ ಮೂರರ ಬ್ಯಾಚು ವಯಸ್ಸಾದವರದು. ಅದರಲ್ಲಿ ಒಬ್ಬ ವಿಮೆ ಏಜೆಂಟ್, ಇಬ್ಬರು ಗೃಹಿಣಿಯರು, ಮತ್ತೆ ನಿವೃತ್ತ ನರ್ಸ್ ಒಬ್ಬರು. ಈ ನರ್ಸಮ್ಮ ಬಂದದ್ದು ಮೊಮ್ಮಗಳ ಮೇಲಿನ ಹಟಕ್ಕೆ. "ಅಜ್ಜಿಗೇನು ಗೊತ್ತು ಅಂದ್ಬಿಟ್ಲು, ಮೂರಡಿ ಇಲ್ಲ ಅವಳು," ಎಂದು ಮೊದಲ ದಿನವೇ ಫೀಸು ಕಟ್ಟಿ ಕೂತರು. ಗಡಿಯಾರವನ್ನು ಮಣಿಕಟ್ಟಿನ ಒಳಮುಖಕ್ಕೆ ಕಟ್ಟಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಬಿಳಿ ಸಮವಸ್ತ್ರ ಇರಲಿಲ್ಲ. ಆದರೂ ಆ ಗಡಿಯಾರ ಕಂಡದ್ದೇ ಮೇಷ್ಟ್ರ ಕೈಯಲ್ಲಿದ್ದ ಚಾಕ್ ಎರಡು ತುಂಡಾಯಿತು. ಅಂದಿನಿಂದ ಐದು ದಿನ ಅವರು ಆಕೆಯ ಸಾಲಿನ ಹತ್ತಿರ ಸುಳಿಯಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಮೇಷ್ಟ್ರು ಆಸ್ಪತ್ರೆಯೊಂದರಲ್ಲಿ ದಾಖಲೆ ಗುಮಾಸ್ತರಾಗಿದ್ದರು. ಆಫೀಸಿಗೆ ಒಂದು ಕಂಪ್ಯೂಟರ್ ಬಂತು, ಅದರ ಜೊತೆ ಇಟ್ಟಿಗೆಯಷ್ಟು ದಪ್ಪದ ಪುಸ್ತಕವೂ ಬಂತು. ಬೇರೆಯವರೆಲ್ಲ ಅದರ ಮೇಲೆ ಊಟದ ಡಬ್ಬಿ ಇಡುತ್ತಿದ್ದಾಗ ಇವರು ಅದನ್ನು ಓದಿದರು. ಪೂರ್ತಿ ಅಲ್ಲ, ಬೇಜಾರಾದ ಅಧ್ಯಾಯಗಳನ್ನು ಹಾರಿಸಿ ಓದಿದರು. ಓದಿದ ಹುರುಪಿನಲ್ಲಿ ವಾರ್ಡಿನವರಿಗೆ ಅನುಕೂಲವಾಗಲಿ ಎಂದು ಕಂಪ್ಯೂಟರಿನಲ್ಲೇ ಒಂದು ಪಟ್ಟಿ ಮಾಡಿದರು: ಐನೂರು ಮಿಲಿಲೀಟರಿನ ಗ್ಲೂಕೋಸ್ ಬಾಟಲಿ ಇಷ್ಟು ಗಂಟೆಯಲ್ಲಿ ಮುಗಿಯಬೇಕಾದರೆ ನಿಮಿಷಕ್ಕೆ ಎಷ್ಟು ಹನಿ ಬಿಡಬೇಕು. ನಾಲ್ಕು ಗಂಟೆಗೆ ನಲವತ್ತು ಎಂದು ಬಂತು, ಎಂಟು ಗಂಟೆಗೆ ಇಪ್ಪತ್ತು. ಈ ಎರಡನ್ನೂ ಕೈಯಲ್ಲಿ ಲೆಕ್ಕ ಹಾಕಿ ನೋಡಿದರು, ಹೆಚ್ಚುಕಡಿಮೆ ಸರಿಯಾಗಿತ್ತು. ತಲೆಯೂ ಸರಿ, ಬಾಲವೂ ಸರಿ, ಇನ್ನು ಹೊಟ್ಟೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡು ನಡುವಿನ ಸಾಲುಗಳನ್ನು ಮುಟ್ಟಲಿಲ್ಲ. ಒಂದು ಪ್ರತಿ ವಾರ್ಡಿನ ಗೋಡೆಗೆ ಅಂಟಿಸಿದರು, ಇನ್ನೊಂದನ್ನು ಹೆಮ್ಮೆಯಿಂದ ಜೇಬಿಗೆ ಹಾಕಿಕೊಂಡರು.

ಆ ವಾರವೇ ಅವರ ಅಕ್ಕ ವಾಂತಿಭೇದಿಯಿಂದ ಅದೇ ವಾರ್ಡಿಗೆ ಬಂದಳು. ಅಕ್ಕ ಹೊಲಿಗೆಯವಳು. ತಾಯಿ ಇಲ್ಲದ ತಮ್ಮನಿಗೆ ಭಾಗಾಕಾರ ಕಲಿಸಿದವಳು ಅವಳೇ, ಅದೂ ಗುಂಡಿಗಳಲ್ಲಿ. "ಏಳು ಗುಂಡಿ, ಎರಡು ಶರ್ಟು. ಒಂದೊಂದಕ್ಕೆ ಎಷ್ಟು? ಮೂರು. ಉಳಿದದ್ದು ಎಲ್ಲೋ?" ಉಳಿದ ಒಂದು ಗುಂಡಿಯನ್ನು ತಗಡಿನ ಡಬ್ಬಿಗೆ ಹಾಕಿದರೇ ಲೆಕ್ಕ ಮುಗಿಯಿತು, ಇಲ್ಲದಿದ್ದರೆ ತಲೆಗೊಂದು ಮೊಟಕು.

ಐದು ಗಂಟೆಯಲ್ಲಿ ಒಂದು ಬಾಟಲಿ ಎಂದು ಡಾಕ್ಟರು ಬರೆದಿದ್ದರು. ತಮ್ಮ ತನ್ನ ಜೇಬಿನ ಪಟ್ಟಿ ತೆಗೆದ. ಐದು ಗಂಟೆಗೆ ಇಪ್ಪತ್ತು. ಬೀಳುತ್ತಿದ್ದ ಹನಿ ಎಣಿಸಿದರೆ ಮೂವತ್ತರ ಮೇಲಿತ್ತು. ಜಾಸ್ತಿಯಾಯಿತು ಎಂದು ಕೊಳವೆಯ ಚಕ್ರವನ್ನು ತಾನೇ ತಿರುಗಿಸಿ ಇಪ್ಪತ್ತಕ್ಕೆ ಇಳಿಸಿ, ಮನೆಯಿಂದ ಅಕ್ಕನ ಬಾಚಣಿಗೆ ತರಲು ಹೋದ. ಮೂರನೆಯ ದಿನ ಅಕ್ಕ ಇರಲಿಲ್ಲ. ಕಿಡ್ನಿ ಮೊದಲೇ ಕೈಕೊಟ್ಟಿತ್ತು ಎಂದರು.

ಹಾರಿಸಿದ್ದ ಭಾಗಾಕಾರದ ಅಧ್ಯಾಯವನ್ನು ಅವರು ಓದಿದ್ದು ಅದಾದ ಮೂರು ತಿಂಗಳಿಗೆ. ಓದಿದವರೇ ವಾರ್ಡಿಗೆ ಓಡಿದರು. ಗೋಡೆಯ ಮೇಲೆ ಪಟ್ಟಿ ಇರಲಿಲ್ಲ, ಅಂಟಿನ ನಾಲ್ಕು ಗುರುತು ಮಾತ್ರ ಇತ್ತು. ಯಾರು ತೆಗೆದರು, ಯಾವಾಗ ತೆಗೆದರು ಎಂದು ಕೇಳುವ ಧೈರ್ಯ ಬರಲಿಲ್ಲ. ಆ ತಿಂಗಳೇ ಕೆಲಸ ಬಿಟ್ಟರು.

ಆರನೆಯ ದಿನದ ಪಾಠ ಭಾಗಾಕಾರ. ವಿಮೆ ಏಜೆಂಟ್ ಕೈಯೆತ್ತಿದ.

"ಮೇಷ್ಟ್ರೇ, ನನ್ನ ಮಿಷನ್ ಕೆಟ್ಟಿದೆ. ಏಳನ್ನ ಎರಡ್ರಿಂದ ಭಾಗಿಸು ಅಂದ್ರೆ ಮೂರು ಅಂತಿದೆ."

"ಕೆಟ್ಟಿಲ್ಲ. ನೀವು ಎರಡು ಸಂಖ್ಯೆನೂ ಇಂಟ್ ಅಂತ ಬರ್ದಿದೀರಿ. ಇಂಟ್ ಅಂದ್ರೆ ಪೂರ್ಣಾಂಕ ಮಾತ್ರ ಹಿಡಿಸೋ ಡಬ್ಬಿ. ಉತ್ತರಾನೂ ಅದ್ರಲ್ಲೇ ಹಿಡಿಸ್ಬೇಕಲ್ಲ?"

"ಮತ್ತೆ ಉಳಿದ ಅರ್ಧ?"

"ಬಿಸಾಕತ್ತೆ."

"ಒಂದ್ಮಾತೂ ಹೇಳ್ದೇನಾ?"

"ಹೇಳ್ದೇನೇ."

"ನನ್ನ ಹೆಂಡ್ತಿ ಥರಾನೇ ಅನ್ನಿ. ನನ್ನ ಹಳೇ ಶರ್ಟೆಲ್ಲ ಹಾಗೇ ಹೋಗಿದ್ದು."

ಎಲ್ಲರೂ ನಕ್ಕರು. ಮೇಷ್ಟ್ರೂ ತಮ್ಮ ಮಾಮೂಲಿ ಜೋಕು ಹೊಡೆದರು: "ಅದಕ್ಕೇ ಏಳು ಪಾಯಿಂಟ್ ಸೊನ್ನೆ ಅಂತ ಬರೀರಿ. ಆಗ ಅದು ಫ್ಲೋಟ್, ದಶಾಂಶಕ್ಕೂ ಜಾಗ ಇರೋ ಡಬ್ಬಿ. ಫ್ಲೋಟ್ ಅಂದ್ರೆ ತೇಲ್ತೀರಿ, ಇಂಟ್ ಅಂದ್ರೆ ಮುಳುಗ್ತೀರಿ." ಪ್ರತಿ ಬ್ಯಾಚಿಗೂ ಹೇಳುವ ಜೋಕು. ಪ್ರತಿ ಬ್ಯಾಚಿನಲ್ಲೂ ಹೇಳಿ ಮುಗಿಸಿದ ಕೂಡಲೇ ಅವರು ಬೋರ್ಡ್ ಒರೆಸಲು ತಿರುಗಿಬಿಡುತ್ತಿದ್ದರು.

ಆಗ ನರ್ಸಮ್ಮ ಕನ್ನಡಕ ಮೂಗಿನ ಮೇಲೆ ಸರಿಪಡಿಸಿಕೊಂಡು ಅಂದರು, "ನಂಗೆ ಬರೋ ಲೆಕ್ಕ ಒಂದೇ. ಅದನ್ನೇ ಹಾಕಿದೆ ಮೇಷ್ಟ್ರೇ. ಬಾಟ್ಲಿ ಐನೂರು, ನಿಮಿಷ ಮುನ್ನೂರು, ಭಾಗಿಸಿದೆ. ಒಂದು ಮಿಲಿಗೆ ಇಪ್ಪತ್ತು ಹನಿ, ಗುಣಿಸಿದೆ. ಇಪ್ಪತ್ತು ಅಂತ ಬಂತು." ಪರದೆಯಿಂದ ಕಣ್ಣು ಮೇಲೆತ್ತಿದರು. "ಈ ತಪ್ಪನ್ನ ನಾನೆಲ್ಲೋ ನೋಡಿದೀನಿ."

ಮೇಷ್ಟ್ರು ಬೋರ್ಡಿಗೆ ಮುಖ ಮಾಡಿ, ಯಾರಿಗೂ ಅಲ್ಲದಂತೆ ಹೇಳಿದರು: "ಐನೂರನ್ನ ಮುನ್ನೂರರಿಂದ ಭಾಗಿಸಿದ್ರೆ ಒಂದು ಪಾಯಿಂಟ್ ಆರು ಆರು. ಇಂಟ್ ಒಂದನ್ನ ಇಟ್ಕೊಂಡು ಮಿಕ್ಕದ್ದು ಬಿಟ್ಬಿಡತ್ತೆ. ಆಮೇಲೆ ಗುಣಿಸಿದ್ರೆ ಬಿಟ್ಟದ್ದು ವಾಪಸ್ ಬರಲ್ಲ. ಮೊದ್ಲು ಗುಣಿಸ್ಬೇಕಿತ್ತು." ಇವತ್ತಿಗೆ ಸಾಕು ಎಂದು ಹತ್ತು ನಿಮಿಷ ಮೊದಲೇ ತರಗತಿ ಬಿಟ್ಟರು.

ಎಲ್ಲರೂ ಇಳಿದು ಹೋದರು. ನರ್ಸಮ್ಮ ಏಳಲಿಲ್ಲ.

"ಆ ಪಟ್ಟಿ ಮಾಡಿದೋನು ನಾನೇ ಸಿಸ್ಟರ್," ಎಂದರು ಮೇಷ್ಟ್ರು.

"ಗೊತ್ತು. ಮೊದಲ್ನೇ ದಿನಾನೇ ಗುರುತು ಸಿಕ್ತು. ಈ ಪಾಯಿಂಟ್ ಸೊನ್ನೆ ಯಾಕೆ ಅಂತ ಮಾತ್ರ ಇವತ್ತು ತಿಳೀತು."

"ಗೋಡೆಯಿಂದ ತೆಗೆದದ್ದು..."

"ನಾನೇ. ಎರಡೇ ದಿನ ಇತ್ತಪ್ಪ ಅದು. ಐದು ಗಂಟೆಗೂ ಇಪ್ಪತ್ತು, ಎಂಟು ಗಂಟೆಗೂ ಇಪ್ಪತ್ತು ಅಂದ್ರೆ ಕುರುಡರಿಗೂ ಕಾಣತ್ತೆ. ನಾವೆಲ್ಲ ಗಡಿಯಾರ ನೋಡಿ ಎಣಿಸೋರು, ನಿಮ್ಮ ಕಾಗದ ಯಾರು ನೋಡ್ತಿದ್ರು?"

ಇಪ್ಪತ್ತೆರಡು ವರ್ಷ ಎದೆಯ ಮೇಲಿದ್ದ ಕಲ್ಲಿಗೆ ಇಂಥ ಅವಮಾನ! ಮೇಷ್ಟ್ರಿಗೆ ನಗು ಬರಬೇಕಿತ್ತು. ಬರಲಿಲ್ಲ.

"ನಾನು ನೋಡ್ದೆ ಸಿಸ್ಟರ್. ಕಿಟಕಿ ಪಕ್ಕದ ಮಂಚ, ನನ್ನಕ್ಕ. ಚಕ್ರ ತಿರುಗಿಸಿ ಇಪ್ಪತ್ತಕ್ಕೆ ಇಳಿಸಿದೆ. ನಾನೇ."

ಆಕೆ ಅವರನ್ನೇ ನೋಡಿದರು. ಹನಿಗಳು ಬೀಳುತ್ತಲೇ ಇದ್ದವು.

"ತಿರುಗಿಸಿ ಟೀ ಕುಡಿಯೋಕೆ ಹೋದ್ರಿ," ಎಂದರು ಕೊನೆಗೆ. "ನೀವು ಆ ಕಡೆ ಹೋದ್ರಿ, ನಾನು ಈ ಕಡೆ ಬಂದು ವಾಪಸ್ ಇಟ್ಟೆ. ರೋಗಿ ಕಡೆಯೋರು ಚಕ್ರ ಮುಟ್ಟೋದು ಹೊಸದಾ ನಮಗೆ?"

ಟೀ ಅಲ್ಲ, ಬಾಚಣಿಗೆ. ಮೇಷ್ಟ್ರ ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಎಲ್ಲ ರೋಗಿಗಳ ಕಡೆಯವರೂ ಟೀಗೇ ಹೋಗುತ್ತಾರೆ. ಈಕೆಗೆ ನಿಜವಾಗಿ ನೆನಪಿದೆಯೋ, ಕನಿಕರಕ್ಕೆ ಹೇಳುತ್ತಿದ್ದಾರೋ? ಪರೀಕ್ಷೆ ಕೊಡುವುದೇ ಕಸುಬಾದ ಮನುಷ್ಯ ಒಂದು ಪ್ರಶ್ನೆ ಹುಡುಕಿ ತೆಗೆದರು.

"ಎಷ್ಟಕ್ಕೆ ಇಟ್ರಿ?"

"ಮೂವತ್ತಮೂರು," ಎಂದರು ನರ್ಸಮ್ಮ, ಕಂಪ್ಯೂಟರಿನ ಕಡೆ ತಿರುಗದೆ, ರೆಪ್ಪೆ ಬಡಿಯದೆ.

ಸರಿಯುತ್ತರ. ಆದರೆ ಮೂವತ್ತೈದು ವರ್ಷ ಈ ಲೆಕ್ಕವನ್ನೇ ಉಸಿರಾಡಿದವರಿಗೆ ಅದು ಅಂದಿನ ನೆನಪೋ, ಈ ಗಳಿಗೆಯ ಭಾಗಾಕಾರವೋ? ಕೇಳಿದ ಮೇಲೆಯೇ ಮೇಷ್ಟ್ರಿಗೆ ಹೊಳೆದದ್ದು, ಎರಡಕ್ಕೂ ಉತ್ತರ ಒಂದೇ ಎಂದು.

"ಪಾಯಿಂಟ್ ಮೂರು ಮೂರು," ಎಂದರು ಮೆಲ್ಲಗೆ.

"ಹನಿ ತುಂಡಾಗಿ ಬೀಳಲ್ಲ ಮೇಷ್ಟ್ರೇ. ಬಿದ್ರೆ ಪೂರ್ತಿ ಬೀಳತ್ತೆ, ಇಲ್ಲಾಂದ್ರೆ ಇಲ್ಲ." ನರ್ಸಮ್ಮ ಚೀಲ ಹೆಗಲಿಗೇರಿಸಿದರು. ಬಾಗಿಲಲ್ಲಿ ನಿಂತು, "ನಾಳೆ ಬರ್ತೀನಿ. ಮೊಮ್ಮಗಳಿಗೆ ಆ ಫ್ಲೋಟ್ ಜೋಕು ಹೇಳ್ಬೇಕು, ಇನ್ನೊಂದ್ಸಲ ಹೇಳ್ಕೊಡಿ," ಎಂದು ಮೆಟ್ಟಿಲಿಳಿದರು.

ಸಂಜೆಯ ಬಿಸಿಲು ಬೇಸಿನ್ನಿನವರೆಗೆ ಬಂದಿತ್ತು. ಮೇಷ್ಟ್ರು ಕುರ್ಚಿ ಎಳೆದು ಅದರ ಮುಂದೆ ಕೂತರು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಎಂದಿನಂತೆ ಅಲ್ಲಿ ನಿಲ್ಲಿಸಲಿಲ್ಲ. ಇಪ್ಪತ್ತೊಂದು ಎಂದರು. ಮೂವತ್ತಮೂರರವರೆಗೂ ಹೋಗಿ ಕಣ್ಣು ಮುಚ್ಚಿದರು. ಒಂದು ಗಳಿಗೆ ನಲ್ಲಿಯೂ ಸುಮ್ಮನಿದ್ದಂತಿತ್ತು.

"ಉಳಿದದ್ದು ಎಲ್ಲೋ?" ಬೆನ್ನ ಹಿಂದೆ, ಕತ್ತರಿಯನ್ನು ಬಾಯಲ್ಲಿ ಕಚ್ಚಿಕೊಂಡು ಮಾತಾಡುವವರ ಹಾಗೆ, ಅಸ್ಪಷ್ಟವಾಗಿ.

ಮೇಷ್ಟ್ರು ತಿರುಗಿ ನೋಡಲಿಲ್ಲ. ಮೇಜಿನ ಖಾನೆಯಿಂದ ತಗಡಿನ ಡಬ್ಬಿ ತೆಗೆದು, ಒಳಗಿನ ಗುಂಡಿಗಳು ಕೇಳುವಂತೆ ಒಮ್ಮೆ ಅಲುಗಿಸಿದರು.

"ಇಲ್ಲೇ ಇದೆ ಅಕ್ಕ," ಎಂದರು. "ಬಿಸಾಕಿಲ್ಲ."